ಡಿಎನ್ಎ ಎಳೆಯಿಂದ ನ್ಯಾನೋ ಆಕಾರ ಕಟ್ಟೋದು ಹೇಗೆ: ಪೇಪರ್ ಸುರುಳಿಯಿಂದ ಕಾಗೆಬಂಗಾರದ ತನಕ

ನಮ್ಮವ್ವ ಧಾರವಾಡದವರು, ಕಸೂತಿ ಹಾಕ್ತಾರೆ. ಕಸೂತಿ ಹತ್ತಿರದಿಂದ ನೋಡಿದವರಿಗೆ ಗೊತ್ತಿರತ್ತೆ, ಬಟ್ಟೆ ಮೇಲೆ ಪೆನ್ಸಿಲ್ಲಲ್ಲಿ ಗೆರೆ ಹಾಕ್ಕೊಳ್ಳೋ ಪದ್ಧತಿ ಇಲ್ಲ, ಅಚ್ಚು ಒತ್ತೋದೂ ಇಲ್ಲ, ಬಟ್ಟೆಯ ಎಳೆ ಎಣಿಸ್ಕೊಂಡು ಎಣಿಸ್ಕೊಂಡೇ ಗೋಪುರ, ತೇರು, ತುಳಸಿಕಟ್ಟೆ ಎಲ್ಲ ಬರ್ಬೇಕು. "ಒಂದ್ ಎಳಿ ತಪ್ಪಿದ್ರ ಇಡೀ ಗೋಪುರ ಸೊಟ್ಟಾಗ್ತದ" ಅಂತಿರ್ತಾರೆ. ಡಿಎನ್ಎಯಿಂದ ಆಕಾರ ಕಟ್ಟೋ ಕೆಲಸ ಕಲಿಯೋಕೆ ಹೋದಾಗ ಮೊದಲ ವಾರದಲ್ಲೇ ನಂಗೆ ಆ ಮಾತು ನೆನಪಾಯ್ತು, ಯಾಕಂದ್ರೆ ಇಲ್ಲೂ ಕೈಯಿಂದ ಏನೂ ಜೋಡಿಸೋಕೆ ಆಗಲ್ಲ, ಅಷ್ಟು ಸಣ್ಣದನ್ನ ಹಿಡಿಯೋ ಚಿಮಟನೂ ಇಲ್ಲ. ನಾವು ಮಾಡೋದು ಎಣಿಕೆ ಮಾತ್ರ. ಎಣಿಕೆ ಸರಿ ಇದ್ರೆ ಉಪ್ಪು ನೀರಲ್ಲಿ ಎಳೆಗಳು ತಾವೇ ಮಡಚ್ಕೊಂಡು ಕೂತ್ಕೋತವೆ.

ಇದನ್ನ ಬಿಎಸ್ಸಿ, ಬಿಟೆಕ್ ಓದ್ತಿರೋರಿಗೆ, ಪಿಯು ಮುಗಿಸಿ ಆಸಕ್ತಿ ಇರೋರಿಗೆ, ಕಾಲೇಜಲ್ಲಿ ಪಾಠ ಮಾಡೋರಿಗೆ ಅಂತ ಬರೀತಿದೀನಿ. ಮೊದಲ ಅರ್ಧ ಮನೇಲೇ ಮಾಡ್ಬಹುದು, ಹಳೇ ಪೇಪರ್, ದಾರ, ಒಂದು ಲ್ಯಾಪ್‌ಟಾಪ್ ಸಾಕು. ಉಳಿದರ್ಧಕ್ಕೆ ಪಿಸಿಆರ್ ಮಷೀನ್ (ಟ್ಯೂಬನ್ನ ಹೇಳಿದಷ್ಟೇ ಬಿಸಿ, ತಂಪು ಮಾಡೋದು) ಇರೋ ಕಾಲೇಜ್ ಲ್ಯಾಬ್ ಬೇಕು. ಕೊನೇಲಿ ಚಿತ್ರ ನೋಡೋಕೆ ಮಾತ್ರ ದೊಡ್ಡ ಸಂಸ್ಥೆಯ ಮೈಕ್ರೋಸ್ಕೋಪ್ ಬೇಕಾಗತ್ತೆ.

ಹೆಜ್ಜೆ 1: ಅಳತೆಗಳನ್ನ ಬಾಯಿಪಾಠ ಅಲ್ಲ, ಕೈಪಾಠ ಮಾಡ್ಕೊಳ್ಳಿ

ಡಿಎನ್ಎ ಅಂದ್ರೆ ಎರಡು ಎಳೆ ಒಂದಕ್ಕೊಂದು ಸುತ್ಕೊಂಡಿರೋ ಸುರುಳಿ, ಎ ಎದುರಿಗೆ ಟಿ, ಜಿ ಎದುರಿಗೆ ಸಿ (ಈ ಅಕ್ಷರಗಳಿಗೇ ಬೇಸ್ ಅಂತಾರೆ), ಇಷ್ಟು ಹತ್ತನೇ ಕ್ಲಾಸಲ್ಲೇ ಓದಿರ್ತೀವಿ. ಕಟ್ಟೋ ಕೆಲಸಕ್ಕೆ ಇಷ್ಟು ಸಾಲಲ್ಲ. ಇನ್ನೂ ಕೆಲವು ಸಂಖ್ಯೆ ಬೇಕು. ಸುರುಳಿಯ ದಪ್ಪ ಸುಮಾರು 2 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದ್ರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ). ಒಂದು ಬೇಸ್‌ನಿಂದ ಮುಂದಿನ ಬೇಸ್‌ಗೆ 0.34 ನ್ಯಾನೋಮೀಟರ್. ಒಂದು ಪೂರ್ತಿ ಸುತ್ತು ಬರೋಕೆ ನೀರಲ್ಲಿ ಸುಮಾರು 10.5 ಬೇಸ್ ಜೋಡಿ ಬೇಕು. ಜೋಡಿ ಎಳೆ ಸುಮಾರು 50 ನ್ಯಾನೋಮೀಟರ್ ಉದ್ದದ ತನಕ ಕಡ್ಡಿ ಥರ ಸೆಟೆದು ನಿಲ್ಲತ್ತೆ, ಒಂಟಿ ಎಳೆ ಮಾತ್ರ ನೆನೆದ ದಾರದ ಥರ ಮೆತ್ತಗೆ. ಕಟ್ಟಡಕ್ಕೆ ಬೇಕಾಗಿರೋ ತೊಲೆನೂ ಇದರಲ್ಲೇ ಇದೆ, ಕಟ್ಟೋ ಹಗ್ಗನೂ ಇದರಲ್ಲೇ ಇದೆ, ಯಾವುದು ಯಾವುದಕ್ಕೆ ಅಂಟ್ಬೇಕು ಅನ್ನೋ ವಿಳಾಸನೂ ಇದರ ಮೇಲೇ ಬರ್ದಿದೆ. ಇಷ್ಟೆಲ್ಲ ಒಟ್ಟಿಗೆ ಇರೋ ಇನ್ನೊಂದು ವಸ್ತು ನಂಗಂತೂ ಕಂಡಿಲ್ಲ.

ಈಗ ಕೈ ಕೆಲಸ. ಹಳೇ ನ್ಯೂಸ್‌ಪೇಪರ್‌ನ 6 ಸೆಂಟಿಮೀಟರ್ ದಪ್ಪ ಬರೋ ಹಾಗೆ ಕೊಳವೆ ಥರ ಸುತ್ತಿ ಟೇಪ್ ಹಾಕಿ. ಉದ್ದಕ್ಕೂ 1 ಸೆಂಟಿಮೀಟರ್‌ಗೆ ಒಂದರಂತೆ 21 ಗುರುತು ಹಾಕಿ, 1ರಿಂದ 21ರ ತನಕ ನಂಬರ್ ಬರೀರಿ. ಆಮೇಲೆ ಒಂದು ಕೆಂಪು ದಾರ ತಗೊಂಡು ಶುರುವಿನ ಅಂಚಿಂದ 21ನೇ ಗುರುತಿನ ತನಕ ಸರಿಯಾಗಿ ಎರಡೇ ಎರಡು ಸುತ್ತು ಬರೋ ಹಾಗೆ ಸಮವಾಗಿ ಸುತ್ತಿ. 21 ಬೇಸ್‌ಗೆ ಎರಡು ಸುತ್ತು, ಅಂದ್ರೆ ಒಂದು ಸುತ್ತಿಗೆ 10.5. ಈ ಅಳತೆಲಿ ನಿಮ್ಮ ಪೇಪರ್ ಸುರುಳಿ ನಿಜವಾದ ಡಿಎನ್ಎಗಿಂತ ಸುಮಾರು 3 ಕೋಟಿ ಪಟ್ಟು ದೊಡ್ಡದು.

ಈಗ ದಾರ 7ನೇ ಗುರುತಲ್ಲಿ ಯಾವ ಕಡೆ ಇದೆ ನೋಡಿ, 14ರಲ್ಲಿ ಯಾವ ಕಡೆ, 21ರಲ್ಲಿ ಯಾವ ಕಡೆ. ಮೂರೂ ಮೂರು ದಿಕ್ಕಲ್ಲಿ ಇರತ್ತೆ, ಒಂದರಿಂದ ಒಂದಕ್ಕೆ 240 ಡಿಗ್ರಿ ತಿರುವು. ಅಂದ್ರೆ ಈ ಸುರುಳಿಯ ಸುತ್ತ ಮೂರು ಪಕ್ಕದ ಸುರುಳಿ ಇಟ್ರೆ, ದಾರ 7 ಬೇಸ್‌ಗೊಮ್ಮೆ ಒಬ್ಬೊಬ್ಬ ನೆರೆಯವನ ಎದುರಿಗೆ ಬರತ್ತೆ. ಹಾಗೆ ಮೂರು ಮೂರು ನೆರೆ ಇಟ್ಕೊಂಡು ಜೋಡಿಸ್ತಾ ಹೋದ್ರೆ ಜೇನುಗೂಡಿನ ಜಾಲ ಆಗತ್ತೆ. ಘನ ಆಕಾರ ಕಟ್ಟೋರು ಹೆಚ್ಚಾಗಿ ಇದೇ ಜಾಲ ಬಳಸ್ತಾರೆ. ಈ ಪೇಪರ್ ಕೊಳವೆನ ದಯವಿಟ್ಟು ಬಿಡ್ಬೇಡಿ, ಸ್ಕ್ರೀನ್ ಮೇಲೆ ನೂರು ಸಲ ನೋಡಿದ್ರೂ ಅರ್ಥ ಆಗದೇ ಇದ್ದಿದ್ದು ನಂಗೆ ಇದನ್ನ ಕೈಯಲ್ಲಿ ತಿರುಗಿಸಿದ ಮೇಲೇ ತಲೆಗೆ ಹೋಗಿದ್ದು.

ಹೆಜ್ಜೆ 2: ಕವಲು ಅರ್ಥ ಮಾಡ್ಕೊಳ್ಳಿ

ಜೀವಕೋಶದೊಳಗಿನ ಡಿಎನ್ಎ ಉದ್ದಕ್ಕೆ ಒಂದೇ ಗೆರೆ. ಬರೀ ಗೆರೆಯಿಂದ ಗೋಡೆ ಕಟ್ಟೋಕಾಗಲ್ಲ, ಮೂಲೆ ಬೇಕು, ಕವಲು ಬೇಕು. ಇದನ್ನ ಮೊದಲು ಹಿಡಿದೋರು ನೇಡ್ರಿಯನ್ ಸೀಮನ್ ಅನ್ನೋ ಅಮೆರಿಕದ ವಿಜ್ಞಾನಿ. ಅವರು ಮೂಲತಃ ಹರಳುಗಳ ರಚನೆ ಓದೋರು, ಅಣುಗಳನ್ನ ಹರಳುಗಟ್ಟಿಸೋದು ತುಂಬ ಕಷ್ಟ ಅಂತ ಬೇಜಾರಲ್ಲಿದ್ರಂತೆ. 1980ರಲ್ಲಿ ಆಲ್ಬನಿಯ ಕ್ಯಾಂಪಸ್ ಪಬ್‌ನಲ್ಲಿ ಕೂತು ಆರು ತೋಳಿನ ಡಿಎನ್ಎ ಕವಲಿನ ಬಗ್ಗೆ ಯೋಚಿಸ್ತಿರುವಾಗ ಡಚ್ ಕಲಾವಿದ ಎಷರ್ ಕೆತ್ತಿದ ಒಂದು ಚಿತ್ರ ನೆನಪಾಯ್ತು, ಸಾಲುಸಾಲಾಗಿ ಮೂರು ದಿಕ್ಕಿಗೂ ಜೋಡಿಸಿಟ್ಟಂತಿರೋ ಹಾರೋ ಮೀನುಗಳು. ಆ ಮೀನುಗಳ ಥರ ಡಿಎನ್ಎ ಕವಲುಗಳನ್ನೇ ಸಾಲಾಗಿ ಜೋಡಿಸಿದ್ರೆ ಪಂಜರ ಆಗತ್ತೆ, ಪಂಜರದೊಳಗೆ ಬೇರೆ ಅಣು ಕೂರಿಸ್ಬಹುದು ಅಂತ ಹೊಳೀತು. 1982ರಲ್ಲಿ ಅದನ್ನ ಪೇಪರ್ ಆಗಿ ಬರೆದ್ರು, 1991ರಲ್ಲಿ ಅವರ ಲ್ಯಾಬಿಂದ ಡಿಎನ್ಎ ಅಂಚುಗಳಿರೋ ಘನ ಬಂತು.

ಕವಲು ಹೇಗೆ ಬರತ್ತೆ ಅಂದ್ರೆ, ಒಂದು ಎಳೆಯ ಅರ್ಧ ಭಾಗ ಒಬ್ಬನಿಗೆ ಜೋಡಿ, ಇನ್ನರ್ಧ ಬೇರೊಬ್ಬನಿಗೆ ಜೋಡಿ ಆಗೋ ಹಾಗೆ ಅಕ್ಷರ ಬರೀತೀವಿ. ಅಕ್ಷರ ಹೊಂದೋ ಕಡೆ ಮಾತ್ರ ಅದು ಅಂಟ್ಕೊಳ್ಳತ್ತೆ, ಹಾಗಾಗಿ ಎಳೆ ಒಂದು ಸುರುಳಿ ಬಿಟ್ಟು ಪಕ್ಕದ ಸುರುಳಿಗೆ ದಾಟ್ಲೇಬೇಕಾಗತ್ತೆ. ಆ ಜಾಗಕ್ಕೆ ಕ್ರಾಸೋವರ್ ಅಂತಾರೆ, ಇನ್ಮುಂದೆ ನಾನು ದಾಟು ಅಂತೀನಿ. ಒಂದೇ ದಾಟು ಇದ್ರೆ ಅದು ಬಾಗಿಲ ಕೀಲಿನ ಥರ ಅಲ್ಲಾಡತ್ತೆ, ಎರಡು ದಾಟು ಸ್ವಲ್ಪ ದೂರದಲ್ಲಿ ಹಾಕಿದ್ರೆ ಎರಡೂ ಸುರುಳಿ ಗಟ್ಟಿಯಾಗಿ ಪಕ್ಕಪಕ್ಕ ನಿಲ್ತವೆ. ನಿಮ್ಮ ಪೇಪರ್ ಕೊಳವೆ ಎರಡು ಮಾಡಿ, ದಾರ ಎದುರುಬದುರು ಬರೋ ಜಾಗದಲ್ಲಿ ಮಾತ್ರ ಕಟ್ಟಿ ನೋಡಿ. ಎದುರು ಬರದೇ ಇರೋ ಜಾಗದಲ್ಲಿ ಕಟ್ಟೋಕೆ ಹೋದ್ರೆ ಕೊಳವೆ ತಿರುಚ್ಕೊಂಡೇ ತಿರುಚ್ಕೊಳ್ಳತ್ತೆ.

ಹೆಜ್ಜೆ 3: ಉದ್ದ ಎಳೆಗೆ ದಾರಿ ಹಾಕಿ

ಸೀಮನ್ ಕಾಲದಲ್ಲಿ ಎಲ್ಲ ಎಳೆಗಳೂ ಗಿಡ್ಡ, ಎಲ್ಲವನ್ನೂ ಸರಿಯಾದ ಪ್ರಮಾಣದಲ್ಲಿ ಅಳೆದು ಹಾಕ್ಬೇಕಿತ್ತು, ದಿನಗಟ್ಟಲೆ ಶುದ್ಧ ಮಾಡ್ಬೇಕಿತ್ತು. 2006ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನ ಪಾಲ್ ರಾಥಮಂಡ್ ಇದಕ್ಕೆ ಸುಲಭ ದಾರಿ ತೋರಿಸಿದ್ರು. ಒಂದು ತುಂಬ ಉದ್ದದ ಎಳೆ ತಗೊಳ್ಳಿ, ಅದನ್ನ ಹೊಲದಲ್ಲಿ ನೇಗಿಲು ಹೋಗಿ ಬಂದ ಹಾಗೆ ಸಾಲು ಸಾಲಾಗಿ ಹಾಯಿಸಿ, ಇನ್ನೂರಕ್ಕೂ ಹೆಚ್ಚು ಗಿಡ್ಡ ಎಳೆಗಳಿಂದ ಆ ಸಾಲುಗಳನ್ನ ಅಲ್ಲಲ್ಲಿ ಹೊಲಿದು ಹಿಡಿದಿಡಿ. ಉದ್ದದ್ದಕ್ಕೆ ಸ್ಕ್ಯಾಫೋಲ್ಡ್, ಗಿಡ್ಡದಕ್ಕೆ ಸ್ಟೇಪಲ್, ಈ ವಿಧಾನಕ್ಕೆ ಡಿಎನ್ಎ ಒರಿಗಾಮಿ. ಅವರು ಮಾಡಿದ ನಗುಮುಖದ ಅಗಲ ಸುಮಾರು 100 ನ್ಯಾನೋಮೀಟರ್.

ಉದ್ದ ಎಳೆ ಎಲ್ಲಿಂದ ಬರತ್ತೆ ಅಂದ್ರೆ ಎಂ13 ಅನ್ನೋ ವೈರಸ್‌ನಿಂದ, ಅದು ಬ್ಯಾಕ್ಟೀರಿಯಾಗೆ ಮಾತ್ರ ಅಂಟೋದು, ಮನುಷ್ಯರಿಗಲ್ಲ. ಎಂ13ಎಂಪಿ18 ಅಂತ ಕೇಳಿದ್ರೆ ರೆಡಿಯಾಗಿ ಸಿಗತ್ತೆ, 7249 ಬೇಸ್, ಬಳೆ ಥರ ದುಂಡಗಿರೋ ಒಂಟಿ ಎಳೆ. ನಮ್ಮ ಪೇಪರ್ ಅಳತೆಗೆ ತಂದ್ರೆ ಇದು 72 ಮೀಟರ್‌ಗೂ ಉದ್ದದ ಹಗ್ಗ, ಮಡಚಿ ಮುಗಿದ ಮೇಲೆ ಸುಮಾರು 3 ಮೀಟರ್ ಉದ್ದ 2 ಮೀಟರ್ ಅಗಲದ ಜಮಖಾನ ಆಗತ್ತೆ.

ಚೌಕುಳಿ ಹಾಳೆ ತಗೊಂಡು ಮೊದಲು ಕೈಯಲ್ಲೇ ಬರೀರಿ. ಶುರುವಿಗೆ ಆಯತ ಸಾಕು. 24 ಸುರುಳಿ, ಒಂದೊಂದರಲ್ಲೂ 288 ಬೇಸ್, ಒಟ್ಟು 6912, ಉಳಿದಿದ್ದು ಒಂದು ಕಡೆ ಕುಣಿಕೆ ಥರ ಬಿಡಿ. ಸುರುಳಿ ಪಕ್ಕ ಸುರುಳಿ ಕೂತಾಗ ಮಧ್ಯೆ ಸ್ವಲ್ಪ ಸಂದಿ ಉಳಿಯತ್ತೆ, ಡಿಎನ್ಎ ಮೈಯೆಲ್ಲ ಋಣ ಚಾರ್ಜ್ ಇರೋದ್ರಿಂದ ಒಂದನ್ನೊಂದು ತಳ್ತವೆ, ಹಾಗಾಗಿ ಅಗಲ ಲೆಕ್ಕ ಹಾಕುವಾಗ ಸುರುಳಿಗೆ 2 ಅಲ್ಲ, ಸುಮಾರು 3 ನ್ಯಾನೋಮೀಟರ್ ಅಂತ ಹಿಡೀರಿ. ಸ್ಟೇಪಲ್ ಒಂದೊಂದೂ 32 ಬೇಸ್: ಮೊದಲ ಸುರುಳಿಯಲ್ಲಿ 8, ದಾಟಿ ಮಧ್ಯದ್ದರಲ್ಲಿ 16, ಮತ್ತೆ ದಾಟಿ ಮೂರನೆಯದರಲ್ಲಿ 8. ಮೂರು ಸುರುಳಿನ ಒಂದೇ ದಾರ ಹೊಲಿದು ಹಿಡಿಯತ್ತೆ. ಇದನ್ನ ಒಂದು ಹತ್ತಾದ್ರೂ ಕೈಯಲ್ಲಿ ಬರೆದ್ರೆ ಆಮೇಲೆ ಸಾಫ್ಟ್‌ವೇರ್ ಏನು ಮಾಡ್ತಿದೆ ಅಂತ ಗೊತ್ತಾಗತ್ತೆ, ಇಲ್ಲಾಂದ್ರೆ ಅದು ಕೊಟ್ಟಿದ್ದನ್ನ ಹಾಗೇ ನುಂಗ್ತೀವಿ.

ಹೆಜ್ಜೆ 4: ಸಾಫ್ಟ್‌ವೇರ್

ಕ್ಯಾಡ್‌ನ್ಯಾನೊ 2009ರಿಂದ ಇದೆ, ಫ್ರೀ. ನಾನು ಹೊಸಬರಿಗೆ ಹೇಳೋದು ಸ್ಕ್ಯಾಡ್‌ನ್ಯಾನೊ, ಬ್ರೌಸರ್‌ನಲ್ಲೇ ಓಡತ್ತೆ, ಇನ್ಸ್ಟಾಲ್ ತಲೆನೋವಿಲ್ಲ. ಸುರುಳಿ ಎಳೀರಿ, ಉದ್ದ ಎಳೆ ಹಾಯಿಸಿ, ಸ್ಟೇಪಲ್ ಕತ್ತರಿಸಿ, ಎಂ13ರ ಅಕ್ಷರಮಾಲೆ ಹಾಕಿ, ಪ್ರತಿ ಸ್ಟೇಪಲ್‌ನ ಅಕ್ಷರ ತಾನೇ ಬರತ್ತೆ. ಆಮೇಲೆ ಆಕ್ಸ್‌ಡಿಎನ್ಎಲಿ ಸಿಮ್ಯುಲೇಶನ್ ಓಡಿಸಿ ಆಕ್ಸ್‌ವ್ಯೂನಲ್ಲಿ ಆಕಾರ ತಿರುಗಿಸಿ ನೋಡ್ಬಹುದು.

ಹೆಜ್ಜೆ 5: ತಿರುಚು ತೆಗೀರಿ, ಇದನ್ನ ಯಾರೂ ಮೊದಲು ಹೇಳಲ್ಲ

ಮೇಲೆ ಹೇಳಿದ ಆಯತದಲ್ಲಿ ದಾಟುಗಳು 16, 32ರ ಲೆಕ್ಕದಲ್ಲಿ ಬರ್ತವೆ. 32 ಬೇಸ್‌ಗೆ 3 ಸುತ್ತು ಅಂತ ನಾವು ಹಿಡಿದಿದೀವಿ, ಅಂದ್ರೆ ಸುತ್ತಿಗೆ 10.67. ಆದ್ರೆ ಡಿಎನ್ಎಗೆ ಇಷ್ಟ ಇರೋದು 10.5. ವ್ಯತ್ಯಾಸ ಸಣ್ಣದು ಅನ್ಸತ್ತೆ, ಆದ್ರೆ ಕೂಡಿಸಿ ನೋಡಿ: 288 ಬೇಸ್‌ಗೆ ನಮ್ಮ ಲೆಕ್ಕದಲ್ಲಿ 27 ಸುತ್ತು, ಡಿಎನ್ಎ ಲೆಕ್ಕದಲ್ಲಿ 27.4. ಆ ಅರ್ಧದ ಹತ್ತಿರದ ಸುತ್ತು ಎಲ್ಲಿಗೂ ಹೋಗಲ್ಲ, ಇಡೀ ಹಾಳೆನೇ ತಿರುಚ್ಕೊಳ್ಳತ್ತೆ, ಬಿಸಿಲಿಗೆ ಹಾಕಿದ ಹಪ್ಪಳ ಒಣಗ್ತಾ ಸೊಟ್ಟ ಆಗೋ ಹಾಗೆ. ಒಂದೇ ಹಾಳೆನ ಕಾಗೆಬಂಗಾರದ ಮೇಲೆ ಅಂಟಿಸಿ ನೋಡೋದಾದ್ರೆ ಅಷ್ಟೇನೂ ಕಾಣ್ಸಲ್ಲ, ಚಪ್ಪಟೆ ಆಗಿ ಕೂರತ್ತೆ, ಆದ್ರೆ ಹಾಳೆಗೆ ಹಾಳೆ ಜೋಡಿಸ್ತಾ ಹೋಗ್ಬೇಕು ಅಂದಾಗ ಜಗಳ ಶುರು. ಪರಿಹಾರ ಸುಲಭ, ಸುಮಾರು 48 ಬೇಸ್‌ಗೆ ಒಂದರಂತೆ ಒಂದು ಬೇಸ್ ಬಿಟ್ಟುಬಿಡಿ, ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಡಿಲೀಶನ್ ಗುರುತು ಇದೆ. ಜೇನುಗೂಡಿನ ಜಾಲದಲ್ಲಿ 21ಕ್ಕೆ 2 ಸುತ್ತು ಸರಿಯಾಗಿ ಹೊಂದೋದ್ರಿಂದ ಈ ತೊಂದ್ರೆ ಇಲ್ಲ. ಅವ್ವ ಹೇಳೋ ಒಂದು ಎಳೆಯ ಮಾತು ಇಲ್ಲಿ ಅಕ್ಷರಶಃ ನಿಜ.

ಹೆಜ್ಜೆ 6: ಆರ್ಡರ್ ಮಾಡೋ ಮುಂಚೆ ದಿಕ್ಕು ನೋಡಿ

ಎಳೆಗೆ ದಿಕ್ಕಿದೆ, 5 ಪ್ರೈಮ್ ಒಂದು ತುದಿ, 3 ಪ್ರೈಮ್ ಇನ್ನೊಂದು ತುದಿ, ಜೋಡಿ ಎಳೆಗಳು ಯಾವಾಗಲೂ ವಿರುದ್ಧ ದಿಕ್ಕಿಗೆ ಓಡ್ತವೆ. ಉದಾಹರಣೆಗೆ ಎ-ಟಿ-ಜಿ-ಸಿ-ಸಿ-ಎ ಅನ್ನೋದಕ್ಕೆ ಜೋಡಿ ಏನು? ಎದುರೆದುರು ಬರೆದ್ರೆ ಟಿ-ಎ-ಸಿ-ಜಿ-ಜಿ-ಟಿ. ಆದ್ರೆ ಆರ್ಡರ್ ಫಾರ್ಮಲ್ಲಿ 5 ಪ್ರೈಮ್ ಕಡೆಯಿಂದ ಬರೀಬೇಕು, ಹಾಗಾಗಿ ತಿರುಗಿಸಿ ಟಿ-ಜಿ-ಜಿ-ಸಿ-ಎ-ಟಿ ಅಂತ ಕೊಡ್ಬೇಕು. ಇವೆರಡೂ ಬೇರೆ ಬೇರೆ ಅಣುಗಳು.

ನಾನು ಕೆಲಸ ಕಲಿತ ಲ್ಯಾಬಲ್ಲಿ ಸಾಫ್ಟ್‌ವೇರ್ ಕೊಟ್ಟ ಫೈಲ್ ಬಿಟ್ಟು ಒಂದಷ್ಟು ಸ್ಟೇಪಲ್‌ನ ನಾನೇ ಎಕ್ಸೆಲ್‌ನಲ್ಲಿ ಮಾಡಿದ್ದೆ, ಎದುರಕ್ಷರ ಹಾಕಿದೆ, ತಿರುಗಿಸೋದು ಬಿಟ್ಟೆ. ಒಂದಿಡೀ ಪ್ಲೇಟ್ (ಗುಂಡಿಗೊಂದು ಎಳೆ ಹಾಕಿ ಕೊಡೋ ತಟ್ಟೆ), 96 ಎಳೆ, ಎಲ್ಲ ಉಲ್ಟಾ ದಿಕ್ಕಲ್ಲಿ ಪ್ರಿಂಟ್ ಆಗಿ ಬಂತು. ಮಿಕ್ಸ್ ಮಾಡಿ ಜೆಲ್ (ಮಡಚಿದೆಯಾ ಅಂತ ನೋಡೋ ಪರೀಕ್ಷೆ, ಹೆಜ್ಜೆ 9ರಲ್ಲಿದೆ) ಓಡಿಸಿದ್ರೆ ಗೆರೆ ಬರೋ ಜಾಗದಲ್ಲಿ ಉದ್ದಕ್ಕೂ ಮಸುಕು, ಮತ್ತೆ ಮಾಡಿದ್ರೆ ಮತ್ತೆ ಮಸುಕು. ಉಪ್ಪು ಬದಲಾಯಿಸಿದೆ, ಬಿಸಿ ಬದಲಾಯಿಸಿದೆ, ಮೂರು ವಾರ ಹೋಯ್ತು. ಕೊನೆಗೆ ಒಂದು ಸಂಜೆ ಹಾಳೆ ಮೇಲೆ ಒಂದೇ ಒಂದು ಸ್ಟೇಪಲ್‌ನ ಕೈಯಲ್ಲಿ ಬರೆದು ಎಂ13ರ ಪಕ್ಕ ಇಟ್ಟು ನೋಡಿದಾಗ ಗೊತ್ತಾಯ್ತು. ಆ ದುಡ್ಡು ಲ್ಯಾಬಿನದು, ಇನ್ನೊಬ್ಬರ ಪ್ರಾಜೆಕ್ಟ್‌ಗೂ ಆಗ್ಬೇಕಿದ್ದಿದ್ದು, ಅದು ನಂಗೆ ಇವತ್ತಿಗೂ ಚುಚ್ಚತ್ತೆ. ಅದಕ್ಕೇ ಕೇಳ್ಕೊಳ್ಳೋದು: ಆರ್ಡರ್ ಬಟನ್ ಒತ್ತೋ ಮುಂಚೆ ಪ್ಲೇಟ್‌ನ ಬೇರೆ ಬೇರೆ ಮೂಲೆಯಿಂದ ಐದು ಸ್ಟೇಪಲ್ ಆರಿಸಿ, ಪೆನ್ನಲ್ಲಿ ಬರೆದು, ಉದ್ದ ಎಳೆಯಲ್ಲಿ ಅವು ಎಲ್ಲಿ ಕೂರ್ತವೆ ಅಂತ ಕೈಯಾರೆ ಹುಡುಕಿ. ಹತ್ತು ನಿಮಿಷದ ಕೆಲಸ.

ಆರ್ಡರ್‌ನಲ್ಲಿ ಸಾದಾ ಉಪ್ಪು ತೆಗೆದ ಎಳೆ ಸಾಕು, ದುಬಾರಿ ಶುದ್ಧೀಕರಣ ಬೇಡ. ಪ್ಲೇಟ್‌ನಲ್ಲಿ ನೀರಲ್ಲಿ ಕರಗಿಸಿ ಸಾಂದ್ರತೆ 100 ಮೈಕ್ರೋಮೋಲಾರ್ ಇರ್ಲಿ ಅಂತ ಕೇಳಿ. ಇನ್ನೂರು ಎಳೆ ಅಂದ್ರೆ ಖರ್ಚು ಸಣ್ಣದಲ್ಲ, ಆದ್ರೆ ಒಂದು ಸಲ ತರ್ಸಿದ್ರೆ ನೂರಾರು ಪ್ರಯೋಗಕ್ಕೆ ಬರತ್ತೆ. ಮ್ಯೂನಿಕ್‌ನ ಹೆಂಡ್ರಿಕ್ ಡೀಟ್ಸ್ ಅವರ ತಂಡ 2017ರಲ್ಲಿ ಸ್ಟೇಪಲ್‌ಗಳನ್ನೂ ವೈರಸ್ ಸಹಾಯದಿಂದ ಬ್ಯಾಕ್ಟೀರಿಯಾದಲ್ಲೇ ಬೆಳೆಸಿ ತೋರಿಸ್ತು, ಉದ್ದ ಎಳೆ ತನ್ನನ್ನ ತಾನೇ ಬೇಕಾದ ಜಾಗದಲ್ಲಿ ಕತ್ತರಿಸಿಕೊಳ್ಳೋ ಹಾಗೆ ಮಾಡಿ. ದೊಡ್ಡ ಪ್ರಮಾಣದಲ್ಲಿ ಬೇಕು ಅನ್ನೋರಿಗೆ ದಾರಿ ಅದೇ.

ಹೆಜ್ಜೆ 7: ಬೆರೆಸಿ

ಲೆಕ್ಕ ಇಲ್ಲೇ ಕೊಡ್ತೀನಿ, ಬರ್ಕೊಳ್ಳಿ. ಇನ್ನೂರು ಸ್ಟೇಪಲ್‌ನಿಂದಲೂ ಸಮ ಪ್ರಮಾಣ ತೆಗೆದು ಒಂದು ಟ್ಯೂಬ್‌ಗೆ ಹಾಕಿದ್ರೆ ಒಂದೊಂದೂ 200 ಪಟ್ಟು ತೆಳ್ಳಗಾಗತ್ತೆ, ಅಂದ್ರೆ 500 ನ್ಯಾನೋಮೋಲಾರ್. ಈಗ 50 ಮೈಕ್ರೋಲೀಟರ್ ಮಿಶ್ರಣಕ್ಕೆ: 100 ನ್ಯಾನೋಮೋಲಾರ್ ಇರೋ ಎಂ13 5 ಮೈಕ್ರೋಲೀಟರ್, ಸ್ಟೇಪಲ್ ಮಿಶ್ರಣ 10, ಹತ್ತು ಪಟ್ಟು ಗಟ್ಟಿಯ ಟಿಎಇ ಬಫರ್ (ಪಿಎಚ್ ಸ್ಥಿರವಾಗಿಡೋ ದ್ರಾವಣ) 5, ಅದರಲ್ಲೇ ಮೆಗ್ನೀಸಿಯಂ 125 ಮಿಲಿಮೋಲಾರ್ ಇರ್ಬೇಕು, ಉಳಿದ 30 ಶುದ್ಧ ನೀರು. ಕೊನೇಲಿ ಉದ್ದ ಎಳೆ 10, ಪ್ರತಿ ಸ್ಟೇಪಲ್ 100 ನ್ಯಾನೋಮೋಲಾರ್, ಮೆಗ್ನೀಸಿಯಂ 12.5 ಮಿಲಿಮೋಲಾರ್ ಆಗತ್ತೆ. ಸ್ಟೇಪಲ್ ಹತ್ತು ಪಟ್ಟು ಜಾಸ್ತಿ ಇರೋದು ಬೇಕಂತಲೇ, ಯಾವ ಜಾಗನೂ ಖಾಲಿ ಉಳೀಬಾರ್ದು ಅಂತ. ಸೀಮನ್ ಕಾಲದ ಪ್ರಮಾಣದ ತಲೆನೋವು ಇದರಿಂದಲೇ ಹೋಗಿದ್ದು.

ಮೆಗ್ನೀಸಿಯಂ ಮರೆತ್ರೆ ಏನೂ ಆಗಲ್ಲ, ಅಂದ್ರೆ ನಿಜವಾಗ್ಲೂ ಏನೂ ಆಗಲ್ಲ, ಸುರುಳಿಗಳು ಒಂದನ್ನೊಂದು ತಳ್ಕೊಂಡು ದೂರ ನಿಲ್ತವೆ. ಎರಡು ಧನ ಚಾರ್ಜ್ ಇರೋ ಮೆಗ್ನೀಸಿಯಂ ಮಧ್ಯೆ ಬಂದು ಆ ತಳ್ಳಾಟ ನಿಲ್ಲಿಸತ್ತೆ. ಇನ್ನೊಂದು ಗಮನಿಸಿ, ಟಿಎಇಯಲ್ಲಿ ಇಡಿಟಿಎ ಅನ್ನೋ ರಾಸಾಯನಿಕ ಇರತ್ತೆ, ಅದು ಮೆಗ್ನೀಸಿಯಂನ ಹಿಡ್ಕೊಳ್ಳತ್ತೆ. ಸರಿಯಾದ ಟಿಎಇಯಲ್ಲಿ ಇಡಿಟಿಎ 1 ಮಿಲಿಮೋಲಾರ್ ಅಷ್ಟೇ, ತೊಂದ್ರೆ ಇಲ್ಲ, ಆದ್ರೆ ಎಳೆಗಳನ್ನ ಜಾಸ್ತಿ ಇಡಿಟಿಎ ಇರೋ ಬಫರ್‌ನಲ್ಲಿ ಕರಗಿಸಿ ಇಟ್ಟಿದ್ರೆ ಲೆಕ್ಕ ತಪ್ಪತ್ತೆ.

ಆ 50 ಮೈಕ್ರೋಲೀಟರ್ ಹನಿಯಲ್ಲಿ ಎಷ್ಟು ಆಕಾರ ಇರತ್ತೆ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿ. 10 ನ್ಯಾನೋಮೋಲಾರ್ ಅಂದ್ರೆ ಸುಮಾರು 30 ಸಾವಿರ ಕೋಟಿ. ಎಲ್ಲ ಒಂದೇ ಸಲ, ಒಂದೇ ಟ್ಯೂಬಲ್ಲಿ.

ಹೆಜ್ಜೆ 8: ಬಿಸಿ ಮಾಡಿ ಆರಿಸಿ

ಪಿಸಿಆರ್ ಮಷೀನ್‌ನಲ್ಲಿ ಇಟ್ಟು 95 ಡಿಗ್ರಿಗೆ ಐದು ನಿಮಿಷ, ಆಮೇಲೆ ನಿಮಿಷಕ್ಕೆ ಒಂದು ಡಿಗ್ರಿಯಂತೆ 20ಕ್ಕೆ ಇಳಿಸಿ. ಬಿಸಿಯಲ್ಲಿ ತಪ್ಪು ಜೋಡಿಗಳೆಲ್ಲ ಬಿಟ್ಕೊಳ್ತವೆ, ನಿಧಾನ ತಣ್ಣಗಾಗ್ತಾ ಗಟ್ಟಿ ಜೋಡಿ ಮೊದಲು ಕೂರತ್ತೆ. ಎರಡು ಸಾಲು ಹತ್ತಿರ ಬಂದ್ಮೇಲೆ ಪಕ್ಕದ ಸ್ಟೇಪಲ್‌ಗೆ ಕೆಲಸ ಇನ್ನೂ ಸುಲಭ, ಒಂದಾದ ಮೇಲೊಂದು ಸರಸರ ಕೂತ್ಕೊಳ್ತವೆ. ಚಪ್ಪಟೆ ಆಕಾರಕ್ಕೆ ಒಂದೂವರೆ ಗಂಟೆ ಸಾಕು. ಜೇನುಗೂಡಿನ ಘನ ಆಕಾರಕ್ಕೆ ಒಂದು ದಿನ, ಕೆಲವಕ್ಕೆ ಹಲವು ದಿನ ಬೇಕಾಗತ್ತೆ. ಪ್ರತಿ ಆಕಾರಕ್ಕೂ ಅದು ಮಡಚ್ಕೊಳ್ಳೋ ಒಂದು ಉಷ್ಣತೆ ಇದೆ, ಅದನ್ನ ಹುಡುಕಿ ಅಲ್ಲೇ ಹಿಡಿದಿಟ್ರೆ ನಿಮಿಷಗಳಲ್ಲೂ ಆಗತ್ತೆ ಅಂತ ಡೀಟ್ಸ್ ತಂಡ 2012ರಲ್ಲೇ ತೋರಿಸಿತ್ತು. ಮಷೀನ್‌ನ ಮುಚ್ಚಳ ಬಿಸಿ ಇರೋ ಹಾಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ಹನಿ ಮೇಲೆ ಹೋಗಿ ಕೂತು ಕೆಳಗೆ ಉಪ್ಪು ಗಟ್ಟಿಯಾಗತ್ತೆ.

ಹೆಜ್ಜೆ 9: ಜೆಲ್

1.5 ಪರ್ಸೆಂಟ್ ಅಗರೋಸ್, ಅರ್ಧ ಪ್ರಮಾಣದ ಟಿಬಿಇ ಬಫರ್, ಜೆಲ್‌ಗೂ ಹೊರಗಿನ ಬಫರ್‌ಗೂ 11 ಮಿಲಿಮೋಲಾರ್ ಮೆಗ್ನೀಸಿಯಂ. ಮೆಗ್ನೀಸಿಯಂ ಇರೋದ್ರಿಂದ ಜೆಲ್ ಬೇಗ ಬಿಸಿಯಾಗತ್ತೆ, ಡಬ್ಬಿನ ಐಸ್‌ನಲ್ಲಿಟ್ಟು 70 ವೋಲ್ಟ್‌ನಲ್ಲಿ ಎರಡು ಗಂಟೆ ಓಡಿಸಿ. ಪಕ್ಕದ ಗುಂಡಿಗೆ ಬರೀ ಎಂ13 ಹಾಕೋದು ಕಡ್ಡಾಯ, ಹೋಲಿಸೋಕೆ. ಸರಿಯಾಗಿ ಮಡಚಿದ್ರೆ ಸಣ್ಣ ಚೊಕ್ಕ ಗೆರೆ ಬರತ್ತೆ, ಮಿಕ್ಕಿದ ಸ್ಟೇಪಲ್ ಕೆಳಗೆ ದಪ್ಪ ಮಸುಕಾಗಿ ಓಡತ್ತೆ. ಗುಂಡಿಯಲ್ಲೇ ಹೊಳೀತಾ ಉಳಿದಿದ್ರೆ ಆಕಾರಗಳು ಒಂದಕ್ಕೊಂದು ಅಂಟಿ ಗಂಟಾಗಿವೆ ಅಂತ ಅರ್ಥ. ಬಣ್ಣಕ್ಕೆ ಎಥಿಡಿಯಂ ಬ್ರೋಮೈಡ್ ಬಳಸೋ ಲ್ಯಾಬ್ ಆದ್ರೆ ಗ್ಲೌಸ್ ತೆಗೀಬೇಡಿ, ಅದು ಮೈಗೆ ಒಳ್ಳೇದಲ್ಲ.

ಹೆಜ್ಜೆ 10: ಕಾಗೆಬಂಗಾರದ ಮೇಲೆ ನೋಡೋದು

ಇದು ನಂಗೆ ತುಂಬ ಇಷ್ಟದ ಹೆಜ್ಜೆ. ಚಿಕ್ಕವರಿದ್ದಾಗ ಗುಡ್ಡದಲ್ಲಿ ಕಾಗೆಬಂಗಾರ ಹೆಕ್ಕಿ ಉಗುರಲ್ಲಿ ಪದರ ಪದರ ಬಿಡಿಸಿದ್ದು ನಿಮಗೂ ನೆನಪಿರಬಹುದು, ಅದೇ ಅಭ್ರಕ, ಲ್ಯಾಬಲ್ಲಿ ಮೈಕಾ ಅಂತಾರೆ. ಅದರ ಪದರ ಬಿಡಿಸಿದಾಗ ಸಿಗೋ ಮುಖ ಅಣುಗಳ ಮಟ್ಟದಲ್ಲಿ ಸಪಾಟು, 2 ನ್ಯಾನೋಮೀಟರ್ ಎತ್ತರದ ಡಿಎನ್ಎನ ಒರಟು ನೆಲದ ಮೇಲೆ ಇಟ್ರೆ ಗುಂಡಿ ಗೊಟರಿನಲ್ಲಿ ಕಳ್ದುಹೋಗತ್ತೆ. ದುಂಡಗಿನ ಬಿಲ್ಲೆ ಮೇಲೆ ಸೆಲ್ಲೋಟೇಪ್ ಒತ್ತಿ, ಬೆರಳಲ್ಲಿ ಚೆನ್ನಾಗಿ ಸವರಿ, ಒಂದೇ ಉಸಿರಲ್ಲಿ ಎಳೀರಿ. ಟೇಪ್ ಬೆಳಕಿಗೆ ಹಿಡಿದು ನೋಡಿ, ಇಡೀ ಬಿಲ್ಲೆಯಷ್ಟು ಅಗಲದ ಪದರ ಹರಿಯದೆ ಬಂದಿದ್ರೆ ಒಳ್ಳೇದು, ಅರ್ಧ ಬಂದಿದ್ರೆ ಮತ್ತೊಂದು ಟೇಪ್.

ಕೂಡ್ಲೇ 5 ಮೈಕ್ರೋಲೀಟರ್ ಹನಿ ಬಿಡಿ, ಎರಡು ಮೂರು ನಿಮಿಷ ಬಿಟ್ಟು ಮೇಲೆ ಮೆಗ್ನೀಸಿಯಂ ಬಫರ್ ಹಾಕಿ. ಮೈಕಾಗೂ ಋಣ ಚಾರ್ಜ್, ಡಿಎನ್ಎಗೂ ಋಣ ಚಾರ್ಜ್, ಮಧ್ಯೆ ಸೇತುವೆ ಮತ್ತೆ ಅದೇ ಮೆಗ್ನೀಸಿಯಂ. ಆಟಮಿಕ್ ಫೋರ್ಸ್ ಮೈಕ್ರೋಸ್ಕೋಪ್‌ನ ಸೂಜಿ ಆ ನೆಲನ ಕುರುಡರು ಬೆರಳಾಡಿಸಿ ಓದೋ ಹಾಗೆ ತಟ್ಟಿ ತಟ್ಟಿ ಓದತ್ತೆ, ಸ್ಕ್ರೀನ್ ಮೇಲೆ ಒಂದೊಂದೇ ಗೆರೆಯಾಗಿ ಚಿತ್ರ ಇಳೀತಾ ಬರತ್ತೆ. ನನ್ನ ಸರಿಪಡಿಸಿದ ಆಯತಗಳು ಕಂಡಿದ್ದು ಹೀಗೇ, ಮೊದಲು ಒಂದು ಮೂಲೆ, ಆಮೇಲೆ ನೇರ ಅಂಚು, ಅಷ್ಟೊತ್ತಿಗೆ ಪಕ್ಕದಲ್ಲಿ ಇನ್ನೊಂದರ ಮೂಲೆ. ಉಸಿರು ಬಿಗಿ ಹಿಡಿದು ನೋಡ್ತಿದ್ದೆ. ಘನ ಆಕಾರ ಆದ್ರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಒಳ್ಳೇದು.

ಆಯತಗಳು ರೈಲು ಡಬ್ಬಿ ಥರ ಅಂಚಿಗೆ ಅಂಚು ಅಂಟಿ ಸಾಲಾಗಿ ನಿಂತಿದ್ರೆ ಗಾಬರಿ ಬೇಡ. ಸುರುಳಿಯ ಬೋಳು ತುದಿಗಳು ಒಂದರ ಮೇಲೊಂದು ಕೂರೋಕೆ ಇಷ್ಟಪಡ್ತವೆ. ಅಂಚಿನ ಸ್ಟೇಪಲ್ ಬಿಟ್ಟುಬಿಡಿ, ಅಥವಾ ತುದಿಗೆ ನಾಲ್ಕು ಟಿ ಸೇರಿಸಿ, ನಿಲ್ಲತ್ತೆ. 2017ರಲ್ಲಿ ಕ್ಯಾಲ್ಟೆಕ್‌ನ ಲುಲು ಚಿಯಾನ್ ತಂಡ ಈ ಅಂಚಿನ ಅಂಟನ್ನೇ ಹದವಾಗಿ ಬಳಸಿ 64 ಹಾಳೆ ಜೋಡಿಸಿ ಮೋನಾಲೀಸಾ ಮಾಡ್ತು. ಹಾಳೆಯ ನಡುವೆ ತೂತು ಕಂಡ್ರೆ ಆ ಜಾಗದ ಸ್ಟೇಪಲ್ ಪ್ಲೇಟ್‌ನಲ್ಲಿ ಖಾಲಿಯಾಗಿರಬಹುದು, ನಂಬರ್ ನೋಡಿ.

ಇದಾದ ಮೇಲೆ ಏನು

ಆಯತ ಬಂತು ಅಂದ್ರೆ ಅದು ಗೂಟ ಹೊಡೆಯೋಕೆ ರೆಡಿಯಾಗಿರೋ ಹಲಗೆ. ಯಾವ ಸ್ಟೇಪಲ್‌ನ ತುದಿಗೆ ಬೇಕಾದ್ರೂ ಉದ್ದ ಬಾಲ ಬಿಟ್ಟು, ಆ ಬಾಲಕ್ಕೆ ಚಿನ್ನದ ಕಣ, ಪ್ರೋಟೀನ್, ಹೊಳೆಯೋ ಬಣ್ಣ ಕಟ್ಬಹುದು, ಸುಮಾರು 6 ನ್ಯಾನೋಮೀಟರ್‌ಗೆ ಒಂದರಂತೆ. 2009ರಲ್ಲಿ ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ 42, 36, 36 ನ್ಯಾನೋಮೀಟರ್ ಅಳತೆಯ ಪೆಟ್ಟಿಗೆ ಮಾಡಿದ್ರು, ಸರಿಯಾದ ಡಿಎನ್ಎ ಕೀಲಿ ಕೊಟ್ರೆ ಮುಚ್ಚಳ ತೆರೆಯತ್ತೆ. 2012ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿದ ಪೀಪಾಯಿಗೆ ಎರಡು ಬೀಗ, ಎದುರಿಗಿರೋ ಕೋಶದ ಮೇಲಿನ ಗುರುತು ಎರಡೂ ಬೀಗಕ್ಕೆ ಹೊಂದಿದ್ರೆ ಮಾತ್ರ ಒಳಗಿರೋದು ಹೊರಗೆ ಬರತ್ತೆ.

ನಮ್ಮ ಬೆಂಗಳೂರಲ್ಲಿ, ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಮಾಡಿದ್ದು ಇವೆಲ್ಲಕ್ಕಿಂತ ಸಣ್ಣದು, ಕೆಲವೇ ಎಳೆಗಳ ಒಂದು ಚಿಮಟ. ಸಿ ಅಕ್ಷರ ತುಂಬಿರೋ ತುದಿಗಳು ಹುಳಿ ಜಾಗದಲ್ಲಿ ಮಡಚ್ಕೊಳ್ತವೆ, ಹುಳಿ ಕಮ್ಮಿ ಆದ್ರೆ ಬಿಚ್ಕೊಳ್ತವೆ, ಹಾಗೆ ಜೀವಂತ ಕೋಶದೊಳಗಿನ ಹುಳಿ ಎಷ್ಟು ಅಂತ ಬಣ್ಣದಲ್ಲಿ ಹೇಳತ್ತೆ. ಆಕಾರ ದೊಡ್ಡದಿರ್ಬೇಕು ಅಂತಿಲ್ಲ ಅನ್ನೋದಕ್ಕೆ ನಾನು ಹುಡುಗರಿಗೆ ಮೊದಲು ತೋರಿಸೋದು ಇದನ್ನೇ. ಕೋಶಕ್ಕೆ, ರಕ್ತಕ್ಕೆ ಹಾಕೋ ಯೋಚನೆ ಇದ್ರೆ ಮಾತ್ರ ಎರಡು ವಿಷಯ ಮೊದಲೇ ನೋಡ್ಬೇಕು, ಅಲ್ಲಿ ಮೆಗ್ನೀಸಿಯಂ ತುಂಬ ಕಮ್ಮಿ, ಜೊತೆಗೆ ಡಿಎನ್ಎ ಕತ್ತರಿಸೋ ಕಿಣ್ವಗಳಿರ್ತವೆ. ಹಾಗಾಗಿ ಒರಿಗಾಮಿಗೆ ರಕ್ಷಣೆಯ ಲೇಪ ಹಾಕೋದೇ ಒಂದು ದೊಡ್ಡ ಕೆಲಸ.

ವಿದ್ಯಾರ್ಥಿಗಳಿಗೆ ಬಯೋಮಾಡ್ ಅಂತ ಸ್ಪರ್ಧೆ ಇದೆ, 2011ರಿಂದ ಶುರುವಾಗಿದ್ದು, ಪದವಿ ಓದೋ ಹುಡುಗರ ತಂಡಗಳು ಅಣುಗಳಿಂದ ಕಟ್ಟಿ ತೋರಿಸೋದಕ್ಕೇ ಇರೋದು. ಮೈಕ್ರೋಸ್ಕೋಪ್ ಇರೋ ಸಂಸ್ಥೆಗೆ ಬರೆಯೋವಾಗ "ಆಸಕ್ತಿ ಇದೆ ಸರ್" ಅಂತಷ್ಟೇ ಬರೆದ್ರೆ ಉತ್ತರ ಬರೋದು ಕಷ್ಟ, ನಿಮ್ಮ ಸ್ಕ್ಯಾಡ್‌ನ್ಯಾನೊ ಫೈಲ್, ಸಿಮ್ಯುಲೇಶನ್‌ನ ಚಿತ್ರ, ಜೆಲ್ ಆಗಿದ್ರೆ ಅದರ ಫೋಟೋ ಜೊತೆಗಿಟ್ಟು ಕಳ್ಸಿ. ಮಾದರಿ ತಗೊಂಡು ಹೋಗೋದಾದ್ರೆ ಫ್ರಿಡ್ಜ್‌ನ 4 ಡಿಗ್ರಿಯಲ್ಲಿ ಇಟ್ಟಿದ್ದನ್ನ ಐಸ್ ಪ್ಯಾಕ್ ಜೊತೆ ಒಯ್ಯಿರಿ, ಮೈಕಾದ ಮೇಲೆ ಹಾಕೋಕೆ ಅದೇ ಬಫರ್ ಒಂದು ಟ್ಯೂಬ್ ಜಾಸ್ತಿ ಇಟ್ಕೊಳ್ಳಿ, ಟ್ಯೂಬ್ ಮೇಲೆ ಹೆಸರು ತಾರೀಖಿನ ಜೊತೆ ಮೆಗ್ನೀಸಿಯಂ ಎಷ್ಟು ಅಂತನೂ ಬರೀರಿ, ಅಲ್ಲಿ ಮಷೀನ್ ನಡೆಸೋರು ಮೊದಲು ಕೇಳೋದು ಅದನ್ನೇ.